ಮೀನು ಮಾರ್ಕೆಟ್ಟಿನ ಮರಿಗಳು

ಬೇಡವಾದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುವ ರೂಢಿ ನಮ್ಮ ಕರಾವಳಿ ಕಡೆ ಇದೆ. ಅಲ್ಲಿ ಹೊಟ್ಟೆಗೆ ಸಿಗುತ್ತದಲ್ಲ ಎಂಬ ಸಮಾಧಾನ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿ, ಶಿರೂರು, ಕೋಡಿಕನ್ಯಾನದ ಬೋಟುಗಳು ದಡ ಸೇರಿದ ಮೇಲೆ, ಬೇಸಿಗೆಯಲ್ಲಿ ಹುಟ್ಟಿದ ಮರಿ ಆ ಜಡಿಮಳೆಯಲ್ಲಿ ಏನು ತಿಂದೀತು? ಪಳಗಿಸಿ ಒಂದು ಮನೆಗೆ ಸೇರಿಸುವುದೇ ದಾರಿ. ಅದಕ್ಕಿರುವ ಅವಧಿ ಮಾತ್ರ ಚಿಕ್ಕದು: ಮರಿ ಮನುಷ್ಯರನ್ನು ಸಲೀಸಾಗಿ ಒಪ್ಪುವುದು ಎರಡರಿಂದ ಏಳನೇ ವಾರದೊಳಗೆ. ಮೂರ್ನಾಲ್ಕು ತಿಂಗಳು ದಾಟಿದರೆ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ತಾಳ್ಮೆ ಬೇಕು.

ತಾಯಿಯಿಂದ ಬಿಡಿಸುವುದು ಪಾಪ ಎನ್ನುವವರಿದ್ದಾರೆ. ಮಾತು ಸರಿ, ಎಂಟು ವಾರದೊಳಗೆ ಬಿಡಿಸಲೇಬಾರದು. ಆದರೆ ಪಳಗಿಸಲು ಬಿಡಿಸಬೇಕೆಂದಿಲ್ಲ. ತಾಯಿ ಕಟ್ಟಿಗೆ ರಾಶಿಯ ಹಿಂದೆ ಮರಿ ಹಾಕಿದ್ದರೆ ಅಲ್ಲೇ ನೆಲದ ಮೇಲೆ ಕೂತರಾಯಿತು. ಮರಿ ತಿನ್ನಲು ಕಲಿತ ಮೇಲೆ ಬೇಯಿಸಿದ ಮೀನಿನ ಮುಳ್ಳು ಬಿಡಿಸಿ, ಚಮಚದ ತುದಿಯಲ್ಲಿ ಹಿಡಿಯಿರಿ. ಬುಸ್ಸೆಂದರೆ ಕೈ ಹಿಂದಕ್ಕೆಳೆಯಬೇಡಿ, ಮುಂದಕ್ಕೂ ಚಾಚಬೇಡಿ. ಅದು ನೆಕ್ಕುತ್ತಿರುವಾಗ ಒಂದೇ ಬೆರಳಿನಿಂದ ಕೆನ್ನೆ ಸವರಿ. ಪರಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ರೇಬೀಸ್ ಭಯ ಸುಳ್ಳಲ್ಲ. ಸಾಕಿದ ಬೆಕ್ಕು ಇಲಿ ಹಿಡಿಯದು ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿಲ್ಲ, ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಮರಿಯನ್ನು ಇನ್ನೊಂದು ಮನೆಗೆ ಕೊಡುವಾಗ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ: ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಅದಕ್ಕೆ ಮೊದಲೇ ಪಶುವೈದ್ಯರಲ್ಲಿ ಸಂತಾನಹರಣ ಮಾಡಿಸಬೇಕು.