ಶೇಂಗಾ ಇಲ್ಲದ ಡಬ್ಬಿ

ಬಳ್ಳಾರಿಯಲ್ಲಿ ಶೇಂಗಾ ಇಲ್ಲದ ಊಟ ಹುಡುಕುವುದೂ ವೈಶಾಖದಲ್ಲಿ ತಂಗಾಳಿ ಹುಡುಕುವುದೂ ಒಂದೇ. ರೊಟ್ಟಿಯ ಮಗ್ಗುಲಲ್ಲಿ ಅದರ ಚಟ್ನಿಪುಡಿ, ಬದನೆಕಾಯಿಯ ಹೊಟ್ಟೆಯಲ್ಲಿ ಅದರದೇ ಪುಡಿ, ಒಗ್ಗರಣೆಗೆ ಅದರದೇ ಎಣ್ಣೆ. ಕಷ್ಟಕಾಲದ ಬುತ್ತಿ ಕಟ್ಟುವಾಗಲೂ ಕೈ ಮೊದಲು ಹೋಗುವುದು ಅದಕ್ಕೇ. ನೂರು ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನು; ಬಡವರ ಬಾದಾಮಿ ಎಂದು ಸುಮ್ಮನೆ ಕರೆದಿಲ್ಲ. ಆದರೆ ನನ್ನ ತಂಗಿಯ ಮಗಳಿಗೆ ಅದೇ ವಿಷ. ಎರಡು ವರ್ಷದವಳಿದ್ದಾಗ ಒಂದು ಚೂರು ಶೇಂಗಾ ಹೋಳಿಗೆ ತಿಂದು, ತುಟಿ ಬಾತು, ಉಸಿರು ಸಿಕ್ಕಿಕೊಂಡು, ಆಸ್ಪತ್ರೆಯ ಸೂಜಿಯಿಂದ ಉಳಿದ ಕೂಸು ಅದು.

2009ರಲ್ಲಿ ಬನ್ನಿ ಕೊಡಲೆಂದು ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನಲ್ಲಿದ್ದ ತಂಗಿಯ ಮನೆಗೆ ಹೋದವನು ಅಲ್ಲೇ ಸಿಕ್ಕಿಬಿದ್ದೆ. ಅಕ್ಟೋಬರ್ ಮೊದಲಲ್ಲಿ ಸುರಿದ ಆ ಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಓಣಿಗೆ ನೀರು ನುಗ್ಗಿದಾಗ ಶಾಲೆಯ ಮಾಳಿಗೆ ಸೇರಿದೆವು. ಮರುದಿನ ಪುಣ್ಯಾತ್ಮರು ಯಾರೋ ಚಿತ್ರಾನ್ನದ ಪೊಟ್ಟಣ ಹಂಚಿದರು. ಆರು ವರ್ಷದ ಹುಡುಗಿ ಪೊಟ್ಟಣ ಬಿಚ್ಚಿದಳು, ಮತ್ತೆ ಮಡಿಚಿದಳು.

“ಮಾಮಾ, ಇದರಾಗ ಶೇಂಗಾ ಐತಿ.”

“ಕಾಳು ಆರಿಸಿ ತಗದು ಉಣಿಸ್ರಲ್ಲ,” ಎಂದರು ಪಕ್ಕದವರು. ತಂಗಿ ಒಪ್ಪಲಿಲ್ಲ. ಕಾಳನ್ನೇನೋ ಆರಿಸಬಹುದು, ಅನ್ನಕ್ಕೆ ಅಂಟಿದ ಚೂರು, ಪುಡಿಯನ್ನು ಆರಿಸುವವರು ಯಾರು? ವೈದ್ಯರಿಗೂ ನಮಗೂ ನಡುವೆ ನೀರು ನಿಂತಿತ್ತು. ಎರಡು ದಿನ ಮಗು ಬಾಳೆಹಣ್ಣು, ಗಂಜಿಯಲ್ಲೇ ಕಳೆಯಿತು. ನನ್ನ ಪಾಲಿನ ಚಿತ್ರಾನ್ನವನ್ನು ನಾನು ಗೋಡೆಯ ಆಚೆ ಕೂತು ತಿಂದೆ. ಆ ತುತ್ತಿನ ನಾಚಿಕೆ ಇನ್ನೂ ಗಂಟಲಲ್ಲಿದೆ.

ಹೊಟ್ಟೆ ತುಂಬಿಸಿದರೆ ಸಾಲದು ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. 1876-78ರ ಬರದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಪರಿಹಾರದ ಕೂಲಿಯವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ತುಸು ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ನಿರ್ಣಯಿಸಿದರು. ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದನ್ನು ವಿರೋಧಿಸಿ, ದುಡಿಯುವ ದೇಹಕ್ಕೆ ಅದು ಸಾಲದು, ಬೇಳೆಕಾಳೂ ಬೇಕೆಂದು ವಾದಿಸಿದರು. ಅವರು ಕೇಳಿದ್ದು ಎಲ್ಲರ ದೇಹದ ಲೆಕ್ಕ. ನನಗೆ ಬೇಕಾದದ್ದು ಒಂದೇ ಮಗುವಿನದು.

ನೀರು ಇಳಿದ ಮೇಲೆ ಕುರುಗೋಡಿಗೆ, ನಮ್ಮ ತಾಯಿಯ ತವರಿಗೆ ಹೋದೆ. ಅಲ್ಲಿ ಹಿಂದೆ ಜೋಳದ ಹಗೇವು ಇತ್ತು. ನೆಲದೊಳಗಿನ ಆ ಕಣಜದ ಬಾಯನ್ನು ಕಲ್ಲು-ಮಣ್ಣಿನಿಂದ ಮುಚ್ಚುತ್ತಿದ್ದರು. ತೆರೆದೊಡನೆ ಇಳಿದರೆ ಕೆಟ್ಟ ಗಾಳಿಗೆ ಜೀವ ಹೋದೀತೆಂದು ಕಾಯುತ್ತಿದ್ದರು. “ಕಾಳು ಇಟ್ಟರಾಗಲಿಲ್ಲಪ್ಪ, ತೆಗೆಯೋದೂ ಗೊತ್ತಿರಬೇಕು,” ಎಂದರು ಸೋದರಮಾವ.

ಹಗೇವಿನ ಬದಲು ನಾನು ಒಂದು ಸ್ಟೀಲು ಡಬ್ಬಿ ಕೊಂಡೆ. ಒಳಗೆ ಹುರಿದ ಕಡಲೆಬೇಳೆಯ ಹಿಟ್ಟು, ಬೆಲ್ಲ, ಕಟಕ್ ಜೋಳದ ರೊಟ್ಟಿ. ಆ ಹಿಟ್ಟಿನ ಎರಡು ಹಿಡಿಯಲ್ಲಿ ಸುಮಾರು ಹತ್ತು ಗ್ರಾಂ ಪ್ರೋಟೀನು. ಬೆಲ್ಲದ ನೀರಿನಲ್ಲಿ ಕಲಸಿದರೆ ಒಲೆಯ ಹಂಗಿಲ್ಲ. ಕಡಲೆ ಅವಳಿಗೆ ಒಗ್ಗುತ್ತದೆಂದು ವೈದ್ಯರನ್ನು ಕೇಳಿಯೇ ಇಟ್ಟೆವು, ಎಲ್ಲರಿಗೂ ಒಗ್ಗದು. ಭಟ್ಟಿಯ ಪುಟಾಣಿ ಬೇಡವೆಂದೆವು: ಶೇಂಗಾ ಹುರಿದ ಮರಳಿನಲ್ಲೇ ಕಡಲೆಯನ್ನೂ ಹುರಿದಿದ್ದರೆ ಏನು ಗತಿ? ಗಿರಣಿಯೂ ಬೇಡ. ಬೇರೆ ಬಾಣಲೆ, ಬೇರೆ ಬೀಸುಕಲ್ಲು. ಎರಡು ತಿಂಗಳಿಗೊಮ್ಮೆ ಹಳೆಯದನ್ನು ತಿಂದು ಹೊಸದನ್ನು ತುಂಬುವುದು. ಮುಚ್ಚಳದ ಮೇಲೆ ವೈದ್ಯರು ಬರೆದುಕೊಟ್ಟ ಔಷಧದ ಹೆಸರು.

ಅವಳೀಗ ಬಳ್ಳಾರಿಯಲ್ಲಿ ಓದುತ್ತಾಳೆ. ಮೊನ್ನೆ ಕೋಣೆಗೆ ಹೋದಾಗ ಡಬ್ಬಿ ಎರಡಾಗಿತ್ತು.

“ಇನ್ನೊಂದು ಯಾಕವ್ವ?”

“ಪಕ್ಕದ ಕೋಣೆಯಾಕಿಗೆ ಮಾಮಾ. ಆಕಿಗೆ ಗೋಧಿ ಆಗಂಗಿಲ್ಲ.”