ಬಾರುಕೋಲಿಗೆ ಎಣ್ಣೆ

ನಮ್ಮ ಮನೆಯ ಬಾರುಕೋಲಿನ ಹಿಡಿಕೆ ಮೂರು ತಲೆಮಾರಿನ ಅಂಗೈ ಬೆವರು ಕುಡಿದಿದೆ. ಬಿದಿರಿನದು, ಗಂಟುಗಳೆಲ್ಲ ಸವೆದು ನುಣುಪಾಗಿವೆ. ತುದಿಗೊಂದು ಹಿತ್ತಾಳೆಯ ಬಳೆ, ಬಳೆಯಿಂದ ಇಳಿಯುವ ನಾಲ್ಕೆಳೆ ಹೆಣಿಗೆಯ ಬಾರು. ಬಾರು ಬರಬರುತ್ತ ತೆಳುವಾಗಿ, ಕೊನೆಗೆ ಒಂದೇ ಎಳೆಯ ಬಾಲವಾಗುತ್ತದೆ. ಹಿಡಿಕೆಯ ಕುತ್ತಿಗೆಗೆ ಕೆಂಪು ಉಣ್ಣೆಯ ಗೊಂಡೆ. ಮಹಾರಾಷ್ಟ್ರದ ಹಾತಕಣಂಗಲೆ ತಾಲೂಕಿನ ನಮ್ಮ ಊರಲ್ಲಿ ಹೊಸ್ತಿಲೊಳಗೆ ಕನ್ನಡ, ಹೊರಗೆ ಮರಾಠಿ; ಹೊರಗಿನವರು ಇದನ್ನು ಆಸೂಡ ಅನ್ನುತ್ತಾರೆ. ಜೋತಿಬಾ ಫುಲೆ 1883ರಲ್ಲಿ ರೈತನ ಸಂಕಟ ಕುರಿತು ಬರೆದ ಪುಸ್ತಕಕ್ಕೆ ಇದರ ಹೆಸರನ್ನೇ ಇಟ್ಟರು. ಗಡಿಯಾಚೆ ಕರ್ನಾಟಕದ ರೈತರು ಈಗಲೂ ಹೋರಾಟಕ್ಕೆ ಇಳಿದಾಗ ಹಸಿರು ಶಾಲಿನ ಜೊತೆ ಎತ್ತಿ ಹಿಡಿಯುವುದು ಇದನ್ನೇ.

ನಮ್ಮ ಕೊಟ್ಟಿಗೆಯಲ್ಲಿ ಈಗ ಎತ್ತಿಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋಗಿದೆ. ಆದರೂ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ನಾನು ಅಟ್ಟ ಹತ್ತುತ್ತೇನೆ. ಮರಾಠಿಯವರ ಎತ್ತಿನ ಹಬ್ಬ ಬೇಂದೂರ ಬರುವುದು ಆಷಾಢದಲ್ಲಿ. ನಮ್ಮ ಕಡೆ ಮಾತ್ರ ಜ್ಯೇಷ್ಠದ ಹುಣ್ಣಿಮೆಗೇ ‘ಕರ್ನಾಟಕಿ ಬೇಂದೂರ’. ಇಚಲಕರಂಜಿಯಲ್ಲಿ ಅಂದು ಎತ್ತುಗಳು ಓಡಿಬಂದು ಕರಿಯ ತೋರಣ ಹರಿಯುವುದನ್ನು ನೋಡಲು ಜನ ಸೇರುತ್ತಾರೆ. ಹಬ್ಬಕ್ಕೆ ಮುಂಚೆ ಎತ್ತಿನ ಸಾಮಾನುಗಳಾದ ಜತ್ತಿಗೆ, ಮಿಣಿ, ಮಗಡ, ಬಾರುಕೋಲು ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಎಣ್ಣೆ ಹಚ್ಚುವುದು ಅಜ್ಜನ ಕಾಲದ ರೂಢಿ. ಜತ್ತಿಗೆ ಮಿಣಿಗಳು ಕೈಬಿಟ್ಟು ಹೋದವು. ಬಾರುಕೋಲು ಉಳಿದಿದೆ. ಅದರ ಆರೈಕೆ ಇಂದು ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ.

ಮೊದಲು ಒಣ ಬಟ್ಟೆಯಿಂದ ಧೂಳು ತೆಗೆಯಬೇಕು, ಎಣ್ಣೆ ಆಮೇಲೆ. ಧೂಳಿನ ಮೇಲೆ ಎಣ್ಣೆ ಬಿದ್ದರೆ ಅದು ಮರಳುಕಾಗದದ ಹಾಗೆ ಬಾರಿನ ಮೈಯನ್ನು ಒಳಗಿಂದೊಳಗೇ ತಿನ್ನುತ್ತದೆ. ಹೆಣಿಗೆಯ ಸಂದುಗಳಿಗೆ ಹಲ್ಲುಜ್ಜುವ ಹಳೆಯ ಬ್ರಷ್ ಬೇಕು. ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಚರ್ಮಕ್ಕೆ ಬಿಳಿ ಪುಡಿ ಕೂತಿರುತ್ತದೆ. ಅದು ಬೂಷ್ಟೋ, ಹಳೆಯ ಕೊಬ್ಬು ಮೇಲೆ ಬಂದದ್ದೋ ತಿಳಿಯಲು ಅಂಗೈಯಲ್ಲಿ ಮುಚ್ಚಿ ತುಸು ಬಿಸಿ ಕೊಡಬೇಕು. ಕೊಬ್ಬಾದರೆ ಕರಗಿ ಒಳಗೆ ಹೋಗುತ್ತದೆ, ಬೂಷ್ಟು ಹಾಗೇ ಇರುತ್ತದೆ. ಬೂಷ್ಟಾದರೆ ಒರೆಸಿ, ನೆರಳಿನ ಗಾಳಿಗೆ ತೂಗುಹಾಕಬೇಕು. ಬಿಸಿಲಿಗೆ ಬೇಡ. ಒಲೆಯ ಹತ್ತಿರವಂತೂ ಬೇಡವೇ ಬೇಡ. ಒದ್ದೆ ಚರ್ಮಕ್ಕೆ ಕಾವು ತಗುಲಿದರೆ ನಾರುಗಳು ಮುದುಡಿ ಕೊರಡಾಗುತ್ತವೆ. ಆಮೇಲೆ ಯಾವ ಎಣ್ಣೆಯೂ ಅದನ್ನು ಬಗ್ಗಿಸಲಾರದು.

ಇನ್ನು ಗೀರುಗಳು. ಜಾಲಿಮುಳ್ಳು ಎಳೆದದ್ದು, ಗಾಡಿಯ ಗಾಲಿಗೆ ಸಿಕ್ಕಿ ತರಚಿದ್ದು, ಒಣಗಿ ತಾನಾಗಿ ಬಿರಿದದ್ದು ಬೇರೆ ಬೇರೆಯಾಗಿಯೇ ಕಾಣುತ್ತವೆ. ಉಗುರಿನ ಹಿಂಬದಿಯಿಂದ ಸವರಿದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲ್ಪದರದ್ದಷ್ಟೇ. ಅದಕ್ಕೆ ಒದ್ದೆ ಬಟ್ಟೆಯ ತುದಿ ತಾಗಿಸಿ, ಚರ್ಮ ಸ್ವಲ್ಪ ತೇವ ಹೀರಿದ ಮೇಲೆ ಎಮ್ಮೆಕೊಂಬಿನ ನುಣುಪು ತುಂಡಿನಿಂದ ಒಂದೇ ದಿಕ್ಕಿಗೆ ಒತ್ತಿ ಉಜ್ಜುತ್ತೇನೆ. ಎದ್ದ ನಾರುಗಳು ಮಲಗುತ್ತವೆ, ಗೀರಿನ ಅಂಚುಗಳು ಕೂಡುತ್ತವೆ, ಮೈ ಮತ್ತೆ ಹೊಳೆಯುತ್ತದೆ. ಈ ಗಳಿಗೆಯ ಸುಖವನ್ನು ಹೇಗೆ ಹೇಳಲಿ! ಬೆರಳ ಕೆಳಗೆ ಒರಟು ಹೋಗಿ ನಯ ಬರುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಈ ಕೊಂಬಿನ ಉಜ್ಜುವಿಕೆ ಎಲ್ಲ ಚರ್ಮಕ್ಕೂ ನಡೆಯುವುದಿಲ್ಲ. ನಮ್ಮ ಬಾರು ಮರದ ತೊಗಟೆಯಲ್ಲಿ ಹದವಾದದ್ದು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ತುಂಬಿ ತೂಗುಬಿಡುವುದು ಈ ಸೀಮೆಯ ಹಳೆಯ ಪದ್ಧತಿ. ವಾರಗಟ್ಟಲೆ ಕಷಾಯ ಜಿನುಗಿ ಜಿನುಗಿ ನಾರಿನ ಸಂದಿಗೆಲ್ಲ ಒಗರು ತುಂಬುತ್ತದೆ. ಆ ಒಗರೇ ತೊಗಲನ್ನು ಕೊಳೆಯದಂತೆ ಕಾಯುತ್ತದೆ. ಒತ್ತಿದರೆ ಒತ್ತಿದ ಆಕಾರದಲ್ಲಿ ನಿಲ್ಲುವ ಗುಣ ಕೊಡುವುದೂ ಅದೇ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಕಾರ್ಖಾನೆಯ ಚರ್ಮ ಮೆದುವಾಗಿರುತ್ತದೆ, ನೀರಿಗೂ ಜಗ್ಗುವುದಿಲ್ಲ, ಆದರೆ ಕೊಂಬಿಗೆ ಒಲಿಯುವುದಿಲ್ಲ. ಕೊಲ್ಹಾಪುರಿ ಚಪ್ಪಲಿಯ ಚರ್ಮವೂ ಇದೇ ತೊಗಟೆಯ ಹದದ್ದು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೋಲಾಪುರ, ಸಾತಾರಾ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಜೊತೆಯಾಗಿವೆ. ಅಥಣಿ, ನಿಪ್ಪಾಣಿಯ ಕೈಗಳಿಗೂ ಕೊಲ್ಹಾಪುರದ ಕೈಗಳಿಗೂ ಕಸುಬು ಒಂದೇ. 2025ರಲ್ಲಿ ಇಟಲಿಯ ಪ್ರಾಡಾ ಇದೇ ಮಾದರಿಯ ಚಪ್ಪಲಿಯನ್ನು ಮಿಲಾನಿನ ಫ್ಯಾಷನ್ ವೇದಿಕೆಗೆ ಏರಿಸಿ, ಮೂಲದ ಹೆಸರು ಹೇಳದೆ ಹೋದಾಗ ಗಡಿಯ ಎರಡೂ ಕಡೆ ಸಿಟ್ಟು ಬಂದದ್ದು ಸಹಜ. ನನಗೂ ಬಂತು.

ಚರ್ಮದ ಕೆಲಸವನ್ನು ಕೀಳೆಂದವರ ನಡುವೆಯೇ ಹನ್ನೆರಡನೆಯ ಶತಮಾನದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಶರಣರಾಗಿ ನಿಂತರು. ನಮ್ಮ ಭಾಗದ ಢೋರ ಸಮಾಜ ಇಂದಿಗೂ ಕಕ್ಕಯ್ಯನನ್ನು ತನ್ನ ಹಿರಿಯನೆಂದು ಪೂಜಿಸುತ್ತದೆ. ನನಗೆ ಚರ್ಮ ಕೆತ್ತುವ ರಂಪಿಗೆ ಹಿಡಿಯಲು ಕಲಿಸಿದ್ದು ಸಂತೆಯಲ್ಲಿ ಕೂರುತ್ತಿದ್ದ ಒಬ್ಬ ಸಮಗಾರ ಅಜ್ಜ. ಆತನ ಮುಂದೆ ಕೂತು ಕಲಿತದ್ದು ನನ್ನ ಭಾಗ್ಯ.

ಎಣ್ಣೆಯ ವಿಷಯದಲ್ಲಿ ನಾನು ಹಟವಾದಿ. ಹರಳೆಣ್ಣೆಯೇ ಸರಿ, ಅದಕ್ಕೆ ಕಾಲುಭಾಗ ಬೇವಿನೆಣ್ಣೆ ಬೆರೆಸಿದರೆ ಹುಳು ದೂರ ಉಳಿಯುತ್ತದೆ. ಅಗಸೆ ಎಣ್ಣೆ ಒಣಗಿದಂತೆ ಗಟ್ಟಿಯಾಗಿ ಬಾರನ್ನು ಬಿರುಸು ಮಾಡುತ್ತದೆ. ಶೇಂಗಾ ಎಣ್ಣೆ ಕಮಟು ಹಿಡಿದು ಇಲಿಗಳನ್ನು ಕರೆಯುತ್ತದೆ. ಬೆರಳ ತುದಿಗೆ ಹತ್ತಿದಷ್ಟೇ ಎಣ್ಣೆ, ಒಳಮೈಗೆ ಹೆಚ್ಚು, ಹೊರಮೈಗೆ ಕಡಿಮೆ. ಒಳಮೈ ಸಡಿಲ, ಬೇಗ ಹೀರುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಳಿದದ್ದನ್ನು ಒರೆಸಬೇಕು. ಎಣ್ಣೆಯಲ್ಲಿ ಮುಳುಗಿಸಿಡುವವರೂ ಇದ್ದಾರೆ. ಅಂಥ ಬಾರು ಜೋಲು ಬೀಳುತ್ತದೆ, ಬೀಸಿದರೆ ಸದ್ದೇ ಮಾಡುವುದಿಲ್ಲ.

ತರಚಿದ ಜಾಗ ಬಣ್ಣಗೆಟ್ಟಿದ್ದರೆ ಅದಕ್ಕೂ ಮನೆಯಲ್ಲೇ ಮದ್ದಿದೆ. ಬೆಲ್ಲದ ನೀರಿನಲ್ಲಿ ತುಕ್ಕು ಮೊಳೆಗಳನ್ನು ಹಾಕಿಟ್ಟರೆ ಕೆಲವು ದಿನಕ್ಕೆ ಹುಳಿ ಬಂದು ಕಬ್ಬಿಣ ಬಿಡುತ್ತದೆ. ಆ ನೀರು ಸವರಿದೊಡನೆ ಚರ್ಮದೊಳಗಿನ ಒಗರು ಕಬ್ಬಿಣಕ್ಕೆ ಕೂಡಿ ಕಪ್ಪಾಗುತ್ತದೆ. ಬಳಿದ ಬಣ್ಣವಲ್ಲ, ಹುಟ್ಟಿದ ಬಣ್ಣ, ಉಜ್ಜಿದರೆ ಹೋಗದು. ಆದರೆ ಕಬ್ಬಿಣ ಹೆಚ್ಚಾದರೆ ಚರ್ಮ ಪುಡಿಯಾಗುತ್ತದೆ, ಹಾಗಾಗಿ ಒಮ್ಮೆ ಸವರಿ ಬಿಡಬೇಕು. ಎಲ್ಲ ಗೀರುಗಳನ್ನೂ ಮುಚ್ಚುವ ಆಸೆ ನನಗಿಲ್ಲ. ಹಿಡಿಕೆಯ ಹತ್ತಿರ ಒಂದು ಓರೆ ಗೀರಿದೆ. ಅಜ್ಜ ಹುಪರಿ ದಾರಿಯಲ್ಲಿ ಕಬ್ಬಿನ ಗಾಡಿ ಹೊಡೆಯುತ್ತಿದ್ದಾಗ ಆದದ್ದು. ಅದಕ್ಕೆ ಎಣ್ಣೆಯಷ್ಟೇ.

ಕಷ್ಟದ ಕೆಲಸ ಬಾಲದ ಜೋಡಣೆ. ಬಾರುಕೋಲಿನಲ್ಲಿ ಬೇಗ ಸವೆಯುವುದೇ ಬಾಲ. ಬೀಸಿದಾಗ ಕೈಯ ಬಲ ದಪ್ಪ ಬುಡದಿಂದ ಒಂದು ಸುರುಳಿಯಾಗಿ ಹೊರಟು, ತೆಳುವಾಗುತ್ತ ಹೋಗುವ ಬಾರಿನಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತ ಸಾಗುತ್ತದೆ. ಕೊನೆಗೆ ಅದು ಶಬ್ದದ ವೇಗವನ್ನೂ ಮೀರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಹೆಚ್ಚು. ಛಟೀರೆಂಬ ಸದ್ದು ಗಾಳಿಯಲ್ಲೇ ಹುಟ್ಟುವುದು ಹಾಗೆ, ಯಾವುದಕ್ಕೂ ತಾಗಬೇಕಾಗಿಲ್ಲ. ಆ ಸದ್ದಿಗೆ ಸುರುಳಿಯೇ ಕಾರಣವೆಂದು 2002ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಗೋರಿಯೆಲಿ ಮತ್ತು ಮ್ಯಾಕ್‌ಮಿಲನ್ ಗಣಿತದಿಂದ ತೋರಿಸಿದರು. ನಡುವೆ ಎಲ್ಲಾದರೂ ದಪ್ಪ ಗಂಟು ಬಿದ್ದರೆ ಸುರುಳಿ ಅಲ್ಲೇ ಮುಗ್ಗರಿಸುತ್ತದೆ. ಆದ್ದರಿಂದ ತುಂಡಾದ ಬಾಲಕ್ಕೆ ಗಂಟು ಹಾಕಬಾರದು. ಎರಡೂ ತುದಿಗಳನ್ನು ರಂಪಿಗೆಯಿಂದ ಓರೆಯಾಗಿ ಕೆತ್ತಿ ಕಾಗದದಷ್ಟು ತೆಳು ಮಾಡಿ, ಒಂದರ ಮೇಲೊಂದು ಕೂರಿಸಿ, ಆರಿಯಿಂದ ಸಣ್ಣ ತೂತು ಹಾಕಿ, ಮೇಣ ತಿಕ್ಕಿದ ದಾರದಿಂದ ಹೊಲಿಯಬೇಕು. ಕಣ್ಣು ಮುಚ್ಚಿ ಸವರಿದಾಗ ಜೋಡಿಸಿದ ಜಾಗ ತಿಳಿಯಬಾರದು.

ತೇಪೆಗೆ ಒಳ್ಳೆಯ ಚರ್ಮ ನನಗೆ ಸಿಗುವುದು ಇಚಲಕರಂಜಿಯ ಗುಜರಿಯಲ್ಲಿ. ವಿಠ್ಠಲರಾವ್ ದಾತಾರರು 1904ರಲ್ಲಿ ಆ ಊರಿಗೆ ಮೊದಲ ವಿದ್ಯುತ್ ಮಗ್ಗ ತಂದರು; ಆಮೇಲೆ ಊರಿಗೆ ಊರೇ ಖಟಖಟ ಅನ್ನತೊಡಗಿತು. ಹಳೆಯ ಮಗ್ಗದಲ್ಲಿ ಲಾಳಿಯನ್ನು ಆಚೆಗೂ ಈಚೆಗೂ ಚಿಮ್ಮಿಸುವ ಕೋಲಿಗೆ ಚರ್ಮದ ಪಟ್ಟಿಯೊಂದು ಇರುತ್ತದೆ. ಹಗಲೂ ರಾತ್ರಿ ಎಳೆತ ತಿಂದು, ಎಣ್ಣೆ ಕುಡಿದು ಪಳಗಿದ ಚರ್ಮ ಅದು. ಲಾಳಿಯಿಲ್ಲದ ಹೊಸ ಮಗ್ಗಗಳಿಗೆ ಆ ಪಟ್ಟಿ ಬೇಡ. ಹಾಗಾಗಿ ಹಳೆಯವು ಮುರಿದಾಗ ಸಿಕ್ಕಿದಷ್ಟನ್ನು ತಂದಿಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಆರೈಕೆ ಹೊಡೆಯುವ ವಸ್ತುವಿಗೆ ಯಾಕೆ ಎಂದು ಮಗಳು ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯದ್ದು. ಖಿಲಾರಿ ಎತ್ತಿನ ತೊಗಲು ತೆಳು, ಕಿವಿ ಚುರುಕು. ಬಾರಿನ ಸದ್ದಿಗೇ ಅದು ಹೆಜ್ಜೆ ಬದಲಿಸುತ್ತದೆ. ಎತ್ತಿನ ಮೈಮೇಲೆ ಬರೆ ಎದ್ದರೆ ಹೊಡೆದವನನ್ನು ಅಜ್ಜ ಗಾಡಿಯಿಂದ ಇಳಿಸುತ್ತಿದ್ದರು. ನಿಷೇಧವಾಗಿದ್ದ ಎತ್ತಿನ ಗಾಡಿ ಶರ್ಯತ್ತಿಗೆ ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಮತ್ತೆ ಅವಕಾಶ ಕೊಟ್ಟಿತು, 2023ರ ಮೇ 18ರಂದು ಮಹಾರಾಷ್ಟ್ರದ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಓಟದಲ್ಲಿ ಎತ್ತಿಗೆ ಚಾಟಿ ಬಳಸುವಂತಿಲ್ಲ ಎಂಬ ನಿಯಮ ನೂರಕ್ಕೆ ನೂರು ಸರಿ. ಪೆಟ್ಟು ಬೇಡವೆಂದೇ ಸದ್ದು ಬೇಕು; ಸದ್ದು ಬೇಕಾದರೆ ಬಾರು ಹದದಲ್ಲಿರಬೇಕು. ಒಣಗಿ ಬಿರಿದ ಬಾರು ಸದ್ದು ಮಾಡದು, ಅಂಚಿನಿಂದ ಮೈ ಕೊಯ್ಯುತ್ತದೆ.

ಈಗ ಸಂತೆಯಲ್ಲಿ ನೈಲಾನಿನ ಹಳದಿ ಹಗ್ಗ ಕಟ್ಟಿದ ಚಾಟಿಗಳು ಅಗ್ಗಕ್ಕೆ ಸಿಗುತ್ತವೆ. ಅವಕ್ಕೆ ಎಣ್ಣೆ ಬೇಡ, ಕೊಂಬು ಬೇಡ. ಗೀರು ಬಿದ್ದರೆ ಎಸೆದರಾಯಿತು. ಕೊಳ್ಳುವ ಮುಂಚೆ ನಿಮ್ಮ ಅಟ್ಟದ ಮೇಲೆ ಅಜ್ಜನದೊಂದು ಬಾರುಕೋಲು ಇದೆಯೇ ನೋಡಿ. ಇದ್ದರೆ ಇಳಿಸಿ, ಧೂಳು ಒರೆಸಿ, ಮೆಲ್ಲಗೆ ಬಗ್ಗಿಸಿ. ಒಳಗಿನ ನಾರು ಮುರಿಯದೆ ಬಗ್ಗಿದರೆ ಅದಕ್ಕೆ ಇನ್ನೂ ಆಯುಷ್ಯವಿದೆ, ಹರಳೆಣ್ಣೆ ಹಚ್ಚಿ. ಬಾಲ ತುಂಡಾಗಿದ್ದರೆ ಸಂತೆಯಲ್ಲಿ ಕೂರುವ ಸಮಗಾರರ ಹತ್ತಿರ ಒಯ್ಯಿರಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.