ಸುಗಂಧದ ಸೀಸೆ

ಕಣ್ಣಿಗೆ ಬೇಡವಾದುದನ್ನು ರೆಪ್ಪೆ ಮುಚ್ಚಿ ನೋಡದೆ ಇರಬಹುದು. ಕಿವಿಗೆ ಬೇಡವಾದುದನ್ನು ಕೇಳದೆ ಎದ್ದು ಹೋಗಬಹುದು. ಆದರೆ ಮೂಗಿಗೆ ಬಾಗಿಲಿಲ್ಲ. ಉಸಿರಾಡುವವರೆಗೂ ಪಕ್ಕದವರ ವಾಸನೆಯು ನಮ್ಮದೂ ಆಗುತ್ತದೆ. ಆದುದರಿಂದ ಸುಗಂಧವನ್ನು ಹಚ್ಚಿಕೊಳ್ಳುವುದು ಕೇವಲ ಸ್ವಂತದ ವಿಷಯವೆಂದು ಹೇಳಲಾಗದು. ಈ ಸಣ್ಣ ಮಾತನ್ನು ತಿಳಿಯುವುದಕ್ಕೆ ನನಗೆ ಐವತ್ತೆರಡು ವರ್ಷಗಳೂ, ಒಂದು ಗಾಜಿನ ಸೀಸೆಯೂ, ನನ್ನ ನೆಗೆಣ್ಣಿಯವರ ಒಂದು ಇಡೀ ದಿನದ ಮೌನವೂ ಬೇಕಾದವು.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಘೋಣಸಗಿ. ಜೋಳದ, ದ್ರಾಕ್ಷಿಯ, ಬಿಸಿಲಿನ ನಾಡು. ಇಲ್ಲಿಯ ಹೆಂಗಸರಿಗೆ ಪರಿಮಳವೆಂದರೆ ಹೆರಳಿನಲ್ಲಿಯ ಮಲ್ಲಿಗೆಯ ದಂಡೆ, ಕಾರ್ಯದ ಮನೆಯ ಅತ್ತರು, ದೇವರ ಮುಂದಿನ ಊದಿನಕಡ್ಡಿ. ಕಳೆದ ವರ್ಷ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗಳು ಊರಿಗೆ ಬಂದಾಗ ನನಗಾಗಿ ವಿಲಾಯತಿ ಸುಗಂಧದ ಒಂದು ಸೀಸೆಯನ್ನು ತಂದಳು. ಮಲ್ಲಿಗೆ, ಸುಗಂಧರಾಜ, ಅವುಗಳ ಮೇಲೆ ಜೇನು ಸುರಿದಂಥ ಸಿಹಿ. ಮುಚ್ಚಳ ತೆಗೆದೊಡನೆ ಪಡಸಾಲೆಯೆಲ್ಲ ಮದುವೆಯ ಚಪ್ಪರವಾಯಿತು. “ಅವ್ವಾ, ಒಂದ ಸಲ ಅಷ್ಟ ಒತ್ತು. ಭಾಳ ಜೋರ ಐತಿ” ಎಂದು ಹೇಳಿಯೇ ಅವಳು ಹೋಗಿದ್ದಳು. ತಾಯಂದಿರು ಮಕ್ಕಳ ಮಾತನ್ನು ಎಂದು ಕೇಳಿದ್ದಾರೆ?

ವೈಶಾಖದಲ್ಲಿ ವಿಜಯಪುರಕ್ಕೆ ಒಂದು ಮದುವೆಗೆ ಹೋಗಬೇಕಾಗಿತ್ತು. ಇಳಕಲ್ಲ ಸೀರೆಯುಟ್ಟು, ಕುತ್ತಿಗೆಗೊಮ್ಮೆ, ಕೈಗೊಮ್ಮೆ, ಸೆರಗಿಗೊಮ್ಮೆ ಸೀಸೆಯನ್ನು ಒತ್ತಿದೆನು. ಹತ್ತು ನಿಮಿಷಗಳಲ್ಲಿ ವಾಸನೆಯೇ ಬಾರದಂತಾಯಿತು. ಹಾರಿಹೋಯಿತೆಂದು ತಿಳಿದು ಮತ್ತೆ ಎರಡು ಸಲ ಒತ್ತಿ ಬಸ್ಸನ್ನು ಹತ್ತಿದೆನು. ನನ್ನ ಬದಿಗೆ ಹಸುಗೂಸನ್ನೆತ್ತಿಕೊಂಡ ಹುಡುಗಿಯೊಬ್ಬಳು ಕುಳಿತಿದ್ದಳು. ಕೂಸು ಸೀನಿತು, ಅತ್ತಿತು, ಮತ್ತೆ ಸೀನಿತು. ಆಕೆ ಏನೂ ಅನ್ನದೆ ಎದ್ದು ಹಿಂದಕ್ಕೆ ಹೋಗಿ ನಿಂತುಕೊಂಡಳು. ಮುಂದಿನ ಸೀಟಿನ ಮುದುಕರು ತಿರುಗಿ ನೋಡಿ, ಬಲು ಮರ್ಯಾದೆಯಿಂದ, “ಅವ್ವಾರ, ಖಿಡಕಿ ಒಂದೀಟ ತೆಗೀರಿ” ಎಂದರು. ಖಿಡಕಿ ತೆರೆದೇ ಇತ್ತು.

ನಾಚಿಕೆಯು ಒಳ್ಳೆಯ ಗುರು. ಅಂದಿನಿಂದ ನಾನು ಈ ವಿಷಯವನ್ನು ಕೇಳಿ, ಓದಿ, ಸ್ವಲ್ಪ ತಿಳಿದುಕೊಂಡೆನು. ನಮ್ಮ ಮೂಗು ಒಂದೇ ವಾಸನೆಯನ್ನು ಕೆಲವು ನಿಮಿಷ ಸತತವಾಗಿ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಹಚ್ಚಿಕೊಂಡವಳಿಗೆ ಸುಗಂಧವು ಮುಗಿದಂತೆ ತೋರಿದಾಗ ಎದುರಿನವರಿಗೆ ಅದು ತುಂಬಿಯೇ ಇರುತ್ತದೆ. ಮೇಲಾಗಿ ನಮ್ಮಲ್ಲಿ ಬೇಸಿಗೆಯ ಕಾವು 40 ಡಿಗ್ರಿಯನ್ನು ದಾಟುವುದು ಹೊಸತಲ್ಲ. ಕಾವು ಹೆಚ್ಚಿದಷ್ಟೂ ಪರಿಮಳವು ಬೇಗನೆ ಆವಿಯಾಗಿ ಏಳುತ್ತದೆ. ಚಳಿಯ ದೇಶದಲ್ಲಿ ಹಿತವೆನಿಸುವ ಮೂರು ಹನಿಗಳು ಘೋಣಸಗಿಯ ಮಧ್ಯಾಹ್ನದಲ್ಲಿ ಪೆಟ್ಟಿನಂತಾಗುತ್ತವೆ.

ಸುಗಂಧವನ್ನು ಪರೀಕ್ಷಿಸುವ ಕ್ರಮವೂ ಒಂದುಂಟು. ಸೀಸೆಯ ಬಾಯಿಗೆ ಮೂಗನ್ನಿಟ್ಟು ನಿರ್ಣಯಿಸಬಾರದು. ಅಲ್ಲಿ ಬರುವುದು ಹೆಚ್ಚಾಗಿ ಮದ್ಯಸಾರದ ಘಾಟು. ಮಣಿಕಟ್ಟಿನ ಮೇಲೆ ಒಂದೇ ಹನಿಯನ್ನು ಹಾಕಿ ಉಜ್ಜದೆ ಬಿಡಬೇಕು. ಮೊದಲು ಹಾರಿಹೋಗುವುವು ನಿಂಬೆ, ಕಿತ್ತಳೆಗಳಂಥ ಹಗುರವಾದ ವಾಸನೆಗಳು. ಅರ್ಧ ತಾಸಿನ ಅನಂತರ ಹೂವು ಅರಳುತ್ತದೆ. ಶ್ರೀಗಂಧ, ಕಸ್ತೂರಿಗಳಂಥ ಭಾರವಾದವು ಸಂಜೆಯವರೆಗೂ ಉಳಿಯುತ್ತವೆ. ಈ ಮೂರನ್ನೂ ಕಂಡ ಮೇಲೆಯೇ ಮಾತನಾಡತಕ್ಕದ್ದು. ಇನ್ನು ಮಲ್ಲಿಗೆಯ ಗುಟ್ಟು ಬೇರೆಯೇ ಆಗಿದೆ. ಅದರಲ್ಲಿ ಇಂಡೋಲ್ ಎಂಬ ದ್ರವ್ಯವಿದೆ. ಒಟ್ಟಾಗಿ ಮೂಸಿದರೆ ಅದು ಹೊಲಸು ನಾರುತ್ತದೆ, ಲವಲೇಶವಾಗಿದ್ದರೆ ಹೂವಿಗೆ ಜೀವವನ್ನು ಕೊಡುತ್ತದೆ. ಅದನ್ನು ಪೂರ್ತಿಯಾಗಿ ಬಿಟ್ಟು ಸಿಹಿಯನ್ನೇ ಹೆಚ್ಚಿಸಿದರೆ ಮಲ್ಲಿಗೆಯು ಮಿಠಾಯಿಯಾಗುತ್ತದೆ.

ಇದೆಲ್ಲವೂ ಪರದೇಶದ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿಯು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ, ಗಿಡಗಳ ಚಿಕಿತ್ಸೆ, ಅಡಿಗೆಗಳ ಜೊತೆಗೆ ಸುಗಂಧದ್ರವ್ಯಗಳನ್ನು ಮಾಡುವ ಬಗೆಯೂ ಬಂದಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೇಪನ, ಧೂಪಗಳು ರಾಜನ ಭೋಗಗಳಲ್ಲಿ ಎಣಿಸಲ್ಪಟ್ಟಿವೆ. ನಮ್ಮ ವಿಜಯಪುರದಲ್ಲಿಯೇ, 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಹನಿಗಾಗಿ ನಿಜಾಮುದ್ದೀನ ಮಹಮೂದನೆಂಬವನು ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧಶಾಸ್ತ್ರದ ಗ್ರಂಥವನ್ನು ರಚಿಸಿದನು. ಬಡವರ ದಾರಿಯೂ ಇತ್ತು: ಎಳ್ಳಿನ ನಡುವೆ ಹೂವಿನ ಪದರುಗಳನ್ನು ಹರಡಿ, ಬಾಡಿದಂತೆ ಹೂವನ್ನು ಬದಲಿಸಿ, ಕಡೆಗೆ ಆ ಎಳ್ಳನ್ನು ಗಾಣಕ್ಕೆ ಹಾಕಿದರೆ ಬರುವುದು ಹೂವಿನ ಎಣ್ಣೆ. ಸುಗಂಧರಾಜವು ಮಾತ್ರ ಮೆಕ್ಸಿಕೋ ದೇಶದಿಂದ ಬಂದ ಅತಿಥಿ. ಆ ಹೂವನ್ನೇ ಮುಖ್ಯವಾಗಿಟ್ಟುಕೊಂಡು 1948ರಲ್ಲಿ ಪ್ಯಾರಿಸಿನಲ್ಲಿ ಜರ್ಮೇನ್ ಸೆಲಿಯೆ ಎಂಬ ಹೆಣ್ಣುಮಗಳು ಕೂಡಿಸಿದ ‘ಫ್ರಾಕಾ’ ಎಂಬ ಸುಗಂಧವು ಇಂದಿಗೂ ತನ್ನ ಜೋರಿಗಾಗಿ ಹೆಸರಾಗಿದೆ.

ಇರಲಿ. ಇಷ್ಟೆಲ್ಲ ತಿಳಿದುಕೊಂಡ ನಾನು ಸೀಸೆಯನ್ನು ಪರೀಕ್ಷಿಸಲು ಕಲಿತೆನೇ ಹೊರತು ಮನುಷ್ಯರನ್ನಲ್ಲ. ಬಸ್ಸಿನ ಪ್ರಸಂಗದ ಮೇಲೆ ಸೀಸೆಯನ್ನು ಟ್ರಂಕಿನಲ್ಲಿಟ್ಟಿದ್ದೆನು. ಶ್ರಾವಣದಲ್ಲಿ ತೆಗೆದು ನೋಡಿದರೆ ಎರಡು ಬೆರಳಿನಷ್ಟು ಕಡಿಮೆಯಾಗಿತ್ತು. ಅಡಿಗೆಯ ಮನೆಯಲ್ಲಿ ಎಲ್ಲರೂ ರೊಟ್ಟಿ ಬಡಿಯುತ್ತಿದ್ದಾಗ, “ನಮ್ಮ ಮನ್ಯಾಗ ಯಾರಿಗೋ ಹೊಸಾ ಹರೇ ಬಂದೈತಿ, ನನ್ನ ಸೆಂಟ ಖಾಲಿ ಮಾಡಾಕತ್ತಾರ” ಎಂದು ನಗೆಯಾಡಿದೆನು. ಸೊಸೆ ನಕ್ಕಳು, ನೆರೆಮನೆಯ ಹುಡುಗಿಯರು ನಕ್ಕರು. ಒಲೆಯ ಮುಂದೆ ಕುಳಿತ ನನ್ನ ನೆಗೆಣ್ಣಿಯವರು ಮಾತ್ರ ತಲೆಯೆತ್ತಲಿಲ್ಲ. ಅಂದು ಅವರು ಊಟಕ್ಕೂ ಏಳಲಿಲ್ಲ, ಹೊಟ್ಟೆ ಸರಿಯಿಲ್ಲವೆಂದರು.

ಅವರನ್ನು ನಾನು ಅಕ್ಕಾ ಎನ್ನುವೆನು. ನಮ್ಮ ಭಾವನವರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಮರುದಿನ ಅವರ ಕೌದಿಯನ್ನು ಬಿಸಿಲಿಗೆ ಹಾಕುವಾಗ ತಲೆದಿಂಬಿನ ಕಡೆಯ ತುದಿಯಲ್ಲಿ ಮಲ್ಲಿಗೆ, ಸುಗಂಧರಾಜಗಳ ವಾಸನೆಯು ಮಂದವಾಗಿ ಬಂದಿತು. ನನಗೆ ಕೈಕಾಲು ಆಡದಂತಾಯಿತು.

ಸಂಜೆ ಹಿತ್ತಲಲ್ಲಿ ಅವರೊಬ್ಬರೇ ಇದ್ದಾಗ ಹೋಗಿ ಕುಳಿತೆನು. ಏನೆಂದು ಆರಂಭಿಸಲಿ? ಅವರೇ ಹೇಳಿದರು: “ನಾನ ತಗೊಂಡೇನಿ, ತಂಗಿ. ರಾತ್ರಿ ಒಂದ ಹನಿ. ನಿಮ್ಮ ಭಾವ ಸಂತಿಗೆ ಹ್ವಾದಾಗೊಮ್ಮೆ ಎಲ್ಯಾಗ ಮೊಗ್ಗ ಕಟ್ಟಿಸಿಗೊಂಡ ಬರತಿದ್ರು. ಹೂವ ಮುಡಿಯೂದ ಬಿಟ್ಟೇನಿ. ಮೂಗ ಬಿಟ್ಟಿಲ್ಲಲ್ಲ.”

ನಾನು ಅವರ ಕೈಯನ್ನು ಹಿಡಿದು ತಪ್ಪಾಯಿತೆಂದೆನು. ಅವರು ಆ ಮಾತನ್ನು ಬೆಳೆಯಗೊಡದೆ, ಸ್ವಲ್ಪ ಹೊತ್ತಿನ ಮೇಲೆ, “ಆದ್ರ ನಿನ್ನ ಸೀಸಿ ಅಷ್ಟ ಚಲೋ ಇಲ್ಲ ಬಿಡು. ಸಕ್ಕರಿ ಭಾಳ ಹಾಕ್ಯಾರ. ಖರೇ ಮಲ್ಲಿಗಿ ಒಳಗ ಕೊಳತಂಗ ಒಂದ ತಟಕ ವಾಸನಿ ಇರತೈತಿ. ಅದ ಇಲ್ಲ ಇದರಾಗ” ಎಂದರು. ಇಂಡೋಲ್ ಎಂಬ ಹೆಸರನ್ನು ಅವರು ಎಂದೂ ಕೇಳಿದವರಲ್ಲ. ನಾನು ತಿಂಗಳುಗಟ್ಟಲೆ ಓದಿ ಕಂಡುಕೊಂಡುದನ್ನು ಅವರ ಮೂಗು ಕತ್ತಲೆಯಲ್ಲಿಯೇ ಕಂಡುಕೊಂಡಿತ್ತು.

ಮಾಘದಲ್ಲಿ ಸೊಸೆಯ ಕುಬಸದ ಕಾರ್ಯ ಬಂದಿತು. ಅತ್ತೆಯವರ ಕಾಲದ ಬೆಳ್ಳಿಯ ಅತ್ತರದಾನಿಯನ್ನು ಹೊರಗೆ ತೆಗೆದು, ಅತ್ತರನ್ನು ಆರಿಸಲು ಅಕ್ಕನವರನ್ನೇ ವಿಜಯಪುರಕ್ಕೆ ಕರೆದುಕೊಂಡು ಹೋದೆನು. ಅಂಗಡಿಯವನು ನಾಲ್ಕು ಸೀಸೆಗಳನ್ನು ತೋರಿಸಿದನು. ಅಕ್ಕ ನಾಲ್ಕನ್ನೂ ಎರಡು ಕೈಗಳ ಮೇಲೆ ಬೇರೆ ಬೇರೆಯಾಗಿ ಹಚ್ಚಿಸಿಕೊಂಡು, “ಉಂಡ ಬರತೀವಿ” ಎಂದು ಎದ್ದುಬಿಟ್ಟರು. ಎರಡು ತಾಸಿನ ಮೇಲೆ ಮರಳಿ ಬಂದು, ಶ್ರೀಗಂಧದ ನೆಲೆಯ ಮೇಲೆ ಇಳಿಸಿದ ಮಲ್ಲಿಗೆಯ ಅತ್ತರನ್ನು ತೋರಿಸಿ, ಅರ್ಧ ತೊಲೆ ಸಾಕೆಂದರು. ಅಂಗಡಿಯವನು ಕೈ ಮುಗಿದನು.

ಕುಬಸದ ದಿನ ಮುತ್ತೈದೆಯರ ಸಾಲಿನಲ್ಲಿ ಕೈ ಕೈಗೆ ಅತ್ತರು ಹಚ್ಚುತ್ತ ಬಂದೆನು. ಅಕ್ಕನವರು ರೂಢಿಯಂತೆ ಬಾಗಿಲ ಹಿಂದೆ ಕುಳಿತಿದ್ದರು. ಅಲ್ಲಿಗೂ ಹೋದೆನು. “ಬ್ಯಾಡ ತಂಗಿ, ಮಂದಿ ನೋಡತಾರ” ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. “ನೋಡಲಿ, ಅಕ್ಕಾ. ಆರಿಸಿದವರ ಕೈಗೆ ಹಚ್ಚದ ಅತ್ತರ ಯಾತರದು?” ಎಂದೆನು. ಕೈ ಹೊರಗೆ ಬಂದಿತು. ಹಿಂದೆ ಯಾರೋ ಪಿಸುಗುಟ್ಟಿದರು. ಒಬ್ಬ ಹಿರಿಯರು ಮೋರೆ ತಿರುವಿದರು. ಅವರು ಈಗಲೂ ನಮ್ಮ ಮನೆಗೆ ಬರುವುದು ಕಡಿಮೆ. ಹಾಡು ನಿಲ್ಲಲಿಲ್ಲ, ಉಡಿ ತುಂಬುವುದು ನಿಲ್ಲಲಿಲ್ಲ. ಸೊಸೆಯು ತಾನಾಗಿಯೇ ಎದ್ದು ಬಂದು ಮೊದಲು ಅಕ್ಕನವರ ಕಾಲಿಗೆ ನಮಸ್ಕರಿಸಿದಳು.

ಮಗಳು ಕೊಟ್ಟ ಸೀಸೆಯು ಈಗ ಟ್ರಂಕಿನಲ್ಲಿಲ್ಲ; ಅತ್ತರಿನ ಪಕ್ಕದಲ್ಲಿ ಅಕ್ಕನವರ ಕೋಣೆಯ ಮಾಡದಲ್ಲಿದೆ. ನನಗೆ ಬೇಕಾದಾಗ ನಾನೇ ಹೋಗಿ ಕೇಳುತ್ತೇನೆ. “ಒಂದ ಸಲ ಅಷ್ಟ ಒತ್ತು” ಎಂದು ಅವರೂ ಎಚ್ಚರಿಸುತ್ತಾರೆ.

ಓದುವ ಭಗಿನಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಜೋರಾದ ಸುಗಂಧವನ್ನು ಹಚ್ಚಿಕೊಳ್ಳುವಾಗ ಬಸ್ಸಿನ ಕೂಸನ್ನು ನೆನೆಯಿರಿ, ಅದು ಚಲೋ ಇದೆಯೋ ಇಲ್ಲವೋ ಎಂದು ಹೇಳುವ ಮೊದಲು ಅರ್ಧ ದಿನ ತಡೆಯಿರಿ. ಅದನ್ನು ಹಚ್ಚಿಕೊಂಡವಳ ವಿಷಯವಾಗಿ ನಗುವ ಮೊದಲು ಇನ್ನೂ ಹೆಚ್ಚು ಹೊತ್ತು ತಡೆಯಿರಿ.